ಹಗೇವಿಗಿಳಿಸಿದ ಮಾತು

ಮಳವಳ್ಳಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಗೆ ತಿರುಗಿದರೆ ಎಡಗಡೆ ಮಹಡಿಯ ಮೇಲೆ ಒಂದು ಫೋಟೋ ಸ್ಟುಡಿಯೋ ಇದೆ. ಅದರ ಮಾಲೀಕರು ಪುಟ್ಟಮಾದಯ್ಯನವರು. ವಯಸ್ಸು ಐವತ್ತೊಂಬತ್ತು. ಹೋದ ವರ್ಷದಿಂದೀಚೆಗೆ ಅವರಿಗೊಂದು ಹುಚ್ಚು ಹಿಡಿದಿದೆ. ಬೆಳಿಗ್ಗೆ ಬಂದು ದೇವರ ಪಟಕ್ಕೆ ಊದುಕಡ್ಡಿ ಹಚ್ಚಿದರೆ ಆಯಿತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹದಿನೈದಿಪ್ಪತ್ತು ವರ್ಷದ ಹಿಂದೆ ಯಾವುದೋ ಊರಿನಲ್ಲಿ ನಡೆದ ಯಾರದೋ ಮದುವೆಯ ಗಲಾಟೆ ಕೇಳುತ್ತ ಕೂರುತ್ತಾರೆ. ಯಾವ ಮುದುಕಿ ಯಾರನ್ನು ಬೈದಳು, ಯಾವ ಮಾವ ಎಲೆ ಅಡಿಕೆ ಕೇಳಿದ, ಎಲ್ಲ ಕೇಳಿ, ಒಬ್ಬೊಬ್ಬರ ಮಾತನ್ನೂ ಅರ್ಧ ನಿಮಿಷ, ಒಂದು ನಿಮಿಷ ಕತ್ತರಿಸಿ, ಹೆಸರು ಬರೆದು ಬೇರೆ ಇಡುತ್ತಾರೆ. ಮಾಡಿ ಅಂತ ಯಾರೂ ಹೇಳಿಲ್ಲ. ಬೇಕು ಅಂತ ಇವತ್ತಿನವರೆಗೆ ಯಾರೂ ಬಂದಿಲ್ಲ. ಹೊಸ ಗಿರಾಕಿ ಎದುರಿಗೆ ನಿಂತರೂ ಆ ಮುದುಕಿಯ ಬೈಗುಳ ಮುಗಿದ ಮೇಲೆಯೇ ಇವರು ತಲೆ ಎತ್ತುವುದು. ಅಷ್ಟರಲ್ಲಿ ಗಿರಾಕಿ ಎದುರಿನ ಸ್ಟುಡಿಯೋದಲ್ಲಿ ಅಡ್ವಾನ್ಸ್ ಕೊಟ್ಟಿರುತ್ತಾನೆ.

ಜನ ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ನನಗೆ ಮಾತ್ರ ನಗು ಬರುವುದಿಲ್ಲ, ಯಾಕೆಂದರೆ ಈ ಹುಚ್ಚು ಹಿಡಿಸಿದವಳು ನಾನು.

ನನ್ನ ಹೆಸರು ನಾಗರತ್ನ. ಈ ಸ್ಟುಡಿಯೋದಲ್ಲಿ ಹದಿನೆಂಟು ವರ್ಷದಿಂದ ಆಲ್ಬಂ ಕೂರಿಸುವುದು, ವಿಡಿಯೋ ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ನನ್ನ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಜೋರಿರಲಿ ಬಿಡಿ, ಬಾಯಿ ಜೋರಿಲ್ಲದಿದ್ದರೆ ಈ ಸ್ಟುಡಿಯೋ ಎಂದೋ ಬಾಗಿಲು ಹಾಕಿರುತ್ತಿತ್ತು. ಪುಟ್ಟಮಾದಣ್ಣನಿಗೆ ಇಲ್ಲ ಅನ್ನಲು ಬರುವುದಿಲ್ಲ. ಏನನ್ನೂ ಬಿಸಾಡಲೂ ಬರುವುದಿಲ್ಲ.

ಬಿಸಾಡದಿರುವ ಬುದ್ಧಿ ಅವರಿಗೆ ಬಂದದ್ದು ಮಂಡ್ಯದ ಹತ್ತಿರ ಹೊಸ ತಳಿಗಳನ್ನು ಬೆಳೆದು ನೋಡುವ ವಿ.ಸಿ. ಫಾರಂನಿಂದ. ಅವರಪ್ಪ ಅಲ್ಲಿ ಗದ್ದೆಗೆ ನೀರು ಕಟ್ಟುವ ಕೂಲಿ. ಇವರೂ ಹದಿನೆಂಟಕ್ಕೆ ಅಲ್ಲಿಗೇ ಸೇರಿದರು. ಭತ್ತದ ತೆನೆಯ ಪಕ್ಕ ಅಳತೆಪಟ್ಟಿ ಹಿಡಿದು ನಿಲ್ಲುವುದು ಕೆಲಸ, ಫೋಟೋ ತೆಗೆಯುವವರು ವಿಜ್ಞಾನಿಗಳು. ಒಂದು ದಿನ ತೆಗೆಯುವವರು ಬರಲಿಲ್ಲ, "ನೀನೇ ತೆಗಿಯಯ್ಯ" ಅಂದರಂತೆ. ಇವರು ತೆಗೆದ ಫೋಟೋದಲ್ಲಿ ಒಂದೊಂದು ಕಾಳನ್ನೂ ಎಣಿಸಬಹುದಿತ್ತಂತೆ. ಅಲ್ಲಿಂದ ಹತ್ತು ವರ್ಷ ಭತ್ತ, ರಾಗಿ, ಕಬ್ಬಿನ ಫೋಟೋ ತೆಗೆದು, ಆಮೇಲೆ ಸ್ವಂತಕ್ಕೆ ಸ್ಟುಡಿಯೋ ಮಾಡಿ ಮನುಷ್ಯರ ಕಡೆ ತಿರುಗಿದರು. ಆದರೆ ಫಾರಂನ ಪಾಠ ಬಿಡಲಿಲ್ಲ. ಅಲ್ಲಿ ಕೈಕೊಟ್ಟ ತಳಿಗೂ ಒಂದು ಚೀಟಿ, ಒಂದು ಲೆಕ್ಕ ಇರುತ್ತಿತ್ತಂತೆ. "ಬೆಳೆ ಬರ್ನಿಲ್ಲ ಅಂತ ಚೀಟಿ ಕಿತ್ ಬಿಸಾಕಂಗಿಲ್ಲ ಕಣ್ ನಾಗು" ಅನ್ನುತ್ತಿದ್ದರು.

ನಮ್ಮ ಕಡೆಯ ಮದುವೆ ವಿಡಿಯೋ ನೋಡಿರುತ್ತೀರಿ. ಮೂರು ಗಂಟೆ ವಿಡಿಯೋ, ಮೂರು ಗಂಟೆಯೂ ಸಿನಿಮಾ ಹಾಡು. ಗಂಡು ಕಾರಿನಿಂದ ಇಳಿದರೆ ಒಂದು ಹಾಡು, ಧಾರೆಗೆ ಒಂದು, ಊಟದ ಪಂಕ್ತಿಗೆ ಕುಣಿಯುವ ಹಾಡು, ಹೆಣ್ಣು ಒಪ್ಪಿಸುವಾಗ ಅಳುವ ಹಾಡು. ಕ್ಯಾಮೆರಾದ ಮುಂದೆ ಜನ ಬಾಯಿ ಆಡಿಸುವುದು ಕಾಣುತ್ತದೆ, ಏನಂದರು ಅಂತ ಕೇಳುವುದಿಲ್ಲ. ಹಾಡು ಹಾಕುತ್ತಿದ್ದವಳು ನಾನೇ. ಒಂದು ಸಲ ಪುಟ್ಟಮಾದಣ್ಣ ಹೇಳಿದರು ಅಂತ ಒಂದು ಮದುವೆಗೆ ಅಲ್ಲಲ್ಲಿ ಮಾತು ಉಳಿಸಿದ್ದೆ. ಗಂಡಿನ ಕಡೆಯವರು ಮಾರನೆಯ ದಿನವೇ ಬಂದು, "ಏನಮ್ಮ ಇದು, ನಮ್ ಗಲಾಟೆ ಯಾರಿಗ್ ಬೇಕು, ಒಳ್ಳೆ ಸಾಂಗ್ ಆಕಮ್ಮ" ಅಂದರು. ಹಾಕಿದೆ. ಗಿರಾಕಿ ಕೇಳಿದ್ದು ಕೊಡದೆ ಏನು ಮಾಡುತ್ತೀರಿ?

ಹೀಗೆ ಹಾಡು ಹಾಕಿ ಸಿಂಗಾರ ಮಾಡಿದ ವಿಡಿಯೋ ಮನೆಯವರಿಗೆ ಹೋಗುತ್ತಿತ್ತು. ಹಾಡಿಲ್ಲದ, ಕತ್ತರಿಸದ, ಕ್ಯಾಮೆರಾದಿಂದ ಬಂದದ್ದು ಬಂದ ಹಾಗೇ ಇರುವ ಕಚ್ಚಾ ವಿಡಿಯೋ ನಮ್ಮಲ್ಲಿ ಉಳಿಯುತ್ತಿತ್ತು. ಬೇರೆ ಸ್ಟುಡಿಯೋದವರು ಅದನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದು ಮದುವೆ ತೆಗೆಯುತ್ತಿದ್ದರು. ಪುಟ್ಟಮಾದಣ್ಣ ಅಳಿಸಲಿಲ್ಲ. ಹಾರ್ಡ್ ಡಿಸ್ಕಿಗೆ ಹಾಕಿ ಬೀರುವಿನಲ್ಲಿ ಇಟ್ಟರು. ಬೀರು ತುಂಬಿತು. ಇನ್ನೊಂದು ಬೀರು ಬಂತು.

ಮೂರು ವರ್ಷದ ಹಿಂದೆ ಮದ್ದೂರಿನ ಒಂದು ಮದುವೆಯ ಡಿಸ್ಕು ಆಲ್ಬಂ ಆಗುವ ಮೊದಲೇ ಸತ್ತುಹೋಯಿತು. ಹೆಣ್ಣಿನ ತಂದೆ ಸ್ಟುಡಿಯೋಗೆ ಬಂದು ಆಡಬಾರದ್ದನ್ನೆಲ್ಲ ಆಡಿದರು. ಪುಟ್ಟಮಾದಣ್ಣ ಕೈಕಟ್ಟಿಕೊಂಡು ನಿಂತಿದ್ದರು. ಅವರು ಹೋದ ಮೇಲೆ ಬೀರುವಿನ ಉಳಿದ ಡಿಸ್ಕುಗಳನ್ನು ಹಾಕಿ ನೋಡಿದರೆ ಇನ್ನೂ ನಾಲ್ಕು ನರಳುತ್ತಿದ್ದವು. ನಾನು ಮಂಡ್ಯದಲ್ಲಿ ಕಂಪ್ಯೂಟರ್ ಸರ್ವಿಸ್ ಆಫೀಸು ಇಟ್ಟಿರುವ ನನ್ನ ಚಿಕ್ಕಪ್ಪನ ಮಗ ಪ್ರೀತಂನನ್ನು ಕರೆಸಿದೆ.

ಪ್ರೀತಂ ಹೇಳಿದ್ದು ಕ್ಲೌಡ್ ವಿಚಾರ. ನಮ್ಮ ವಿಡಿಯೋಗಳನ್ನು ಇಂಟರ್ನೆಟ್ಟಿನ ಮೂಲಕ ದೊಡ್ಡ ಕಂಪನಿಯವರ ಯಂತ್ರಗಳಲ್ಲಿ ಇಡುವುದು, ತಿಂಗಳಿಗಿಷ್ಟು ಬಾಡಿಗೆ. ಆದರೆ ಅಲ್ಲಿ ಎಲ್ಲ ಜಾಗಕ್ಕೂ ಒಂದೇ ಬಾಡಿಗೆ ಅಲ್ಲ. ಕೇಳಿದ ಕೂಡಲೇ ಸಿಗಬೇಕು ಅಂದರೆ ದುಬಾರಿ. ಅಪರೂಪಕ್ಕೆ ತೆಗೆಯುವುದಾದರೆ ಕಡಿಮೆ, ಆದರೆ ತೆಗೆದಾಗ ಒಂದಿಷ್ಟು ಚಾರ್ಜು. ಇನ್ನು ಮೂರನೆಯದು ತೀರಾ ಅಗ್ಗ, ಆದರೆ ಕೇಳಿದರೆ ಕೈಗೆ ಬರಲು ಹನ್ನೆರಡು ಗಂಟೆ ಹಿಡಿಯುತ್ತದೆ, ಅಲ್ಲಿ ಅವಸರ ನಡೆಯುವುದಿಲ್ಲ.

ಪುಟ್ಟಮಾದಣ್ಣ, "ಅಂಗಾದ್ರೆ ಮೊದ್ಲೇದು ಒಲೆ ಪಕ್ಕದ ಡಬ್ಬ, ಎಲ್ಡ್ನೇದು ಅಟ್ಟ, ಮೂರ್ನೇದು ಅಗೇವು ಅನ್ನಪ್ಪ" ಅಂದರು.

ಪ್ರೀತಂಗೆ ಹಗೇವು ಗೊತ್ತಿರಲಿಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ರಾಗಿಯನ್ನು ನೆಲದೊಳಗಿನ ಗುಂಡಿಯಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು, ಅದೇ ಹಗೇವು. ಎಷ್ಟು ವರ್ಷವಾದರೂ ರಾಗಿ ಕೆಡುವುದಿಲ್ಲ. ಆದರೆ ಬಾಯಿ ತೆಗೆದ ತಕ್ಷಣ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಅವಸರ ಮಾಡಿ ಇಳಿದು ಮೇಲೆ ಬರದವರ ಕಥೆ ಊರಿಗೊಂದಾದರೂ ಇದೆ. ಅವತ್ತಿನಿಂದ ನಾವು ಮೂವರೂ ಆ ಮೂರು ಜಾಗಕ್ಕೆ ಹೀಗೇ ಹೆಸರು ಹಿಡಿದು ಮಾತಾಡಿದೆವು.

ಎಲ್ಲವನ್ನೂ ಒಲೆ ಪಕ್ಕ ಇಟ್ಟರೆ ತಿಂಗಳಿಗೆ ಮೂವತ್ತು ಸಾವಿರ ದಾಟುತ್ತಿತ್ತು. ಆಷಾಢದಲ್ಲಿ ನಮಗೆ ಅಷ್ಟು ಸಂಪಾದನೆಯೇ ಇಲ್ಲ. ಅದಕ್ಕೇ ಯಾವುದು ಎಲ್ಲಿ ಅಂತ ವಿಂಗಡಿಸಲು ಎರಡು ದಿನ ಕೂತೆವು. ಈಚಿನ ಎರಡು ವರ್ಷದ ಮದುವೆಗಳು ಒಲೆ ಪಕ್ಕ. ಇದರಲ್ಲಿ ಜಗಳವಿಲ್ಲ. ಮುಖಂಡರ ಫೋಟೋಗಳೂ ಅಲ್ಲಿಗೇ, ಯಾಕೆಂದರೆ ಅವರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟುವವರು ಬಂದು ನಿಂತ ಕಾಲ ಮೇಲೆ ಕೇಳುತ್ತಾರೆ. ಹಾಡು ಹಾಕಿದ ಹಳೆಯ ವಿಡಿಯೋಗಳು ಅಟ್ಟಕ್ಕೆ. ಉಳಿದದ್ದು ಕಚ್ಚಾ ವಿಡಿಯೋ. ಜಾಗವೆಲ್ಲ ತಿನ್ನುತ್ತಿದ್ದದ್ದು ಅದೇ.

"ಅದ್ನೂ ಅಟ್ಟಕ್ಕೇ ಮಡಗನ ಕಣ್ ನಾಗು" ಅಂದರು ಪುಟ್ಟಮಾದಣ್ಣ. "ಅದ್ರಲ್ಲಿ ಜನದ ಮಾತವೆ."

ನನಗೆ ರೇಗಿತು. "ಅಣ್ಣಾ, ಹದಿನೈದು ವರ್ಷದಲ್ಲಿ ಕಚ್ಚಾ ವಿಡಿಯೋ ಬೇಕು ಅಂತ ಬಂದವ್ರು ಎಷ್ಟ್ ಜನ ಹೇಳಿ? ಇಬ್ರು. ಒಬ್ರು ಉಂಗ್ರ ಕಳ್ದೋಯ್ತು ಅಂತ, ಒಬ್ರು ಕೋರ್ಟ್ ಕೇಸಿಗೆ. ಇಬ್ರೂ ನಿಧಾನಕ್ಕೆ ಕೊಡಿ ಅಂದ್ರು. ಯಾರೂ ಕೇಳ್ದೇ ಇರೋದಕ್ಕೆ ತಿಂಗ್ಳು ತಿಂಗ್ಳು ಬಾಡಿಗೆ ಕಟ್ಟಕ್ಕೆ ನಮಗೇನು ಹುಚ್ಚು ನಾಯಿ ಕಡ್ದದಾ?"

ಅವರು ಸುಮ್ಮನಾದರು ಅಂದರೆ ಒಪ್ಪಿದರು ಅಂತ ನಾನು ತಿಳಿದೆ. ಕಚ್ಚಾ ಎಲ್ಲ ಹಗೇವಿಗೆ ಇಳಿಯಿತು. ಅದರಲ್ಲೂ ನಾನು ಇನ್ನೊಂದು ಜಾಣತನ ಮಾಡಿದೆ. ಚೂರು ಚೂರು ಫೈಲು ಇಟ್ಟರೆ ಒಂದೊಂದಕ್ಕೂ ಚಿಲ್ಲರೆ ಚಾರ್ಜು ಬೀಳುತ್ತದೆ ಅಂತ ಪ್ರೀತಂ ಹೇಳಿದ್ದ. ಒಂದೊಂದು ಲಗ್ನದ ಸುಗ್ಗಿಯ ಹತ್ತು ಹನ್ನೆರಡು ಮದುವೆಗಳನ್ನೂ ಸೇರಿಸಿ ಒಂದೊಂದು ಗಂಟು ಕಟ್ಟಿಬಿಟ್ಟೆ. "ಅಕ್ಕಾ, ಒಂದು ಬೇಕು ಅಂದ್ರೂ ಆಮೇಲೆ ಇಡೀ ಗಂಟೇ ಇಳಿಸ್ಕೋಬೇಕು" ಅಂತ ಅವನು ಎಚ್ಚರಿಸಿದ. "ಇಳಿಸ್ಕೊಂಡ್ರಾಯ್ತು ಬಿಡೋ, ಏನ್ ಬೆಂಕಿ ಬಿದ್ದಿರ್ತದಾ" ಅಂದೆ. ಮೊದಲ ತಿಂಗಳ ಬಿಲ್ಲು ನೋಡಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡು ವರ್ಷ ಯಾರೂ ಕೇಳಲಿಲ್ಲ. ನನ್ನ ಲೆಕ್ಕ ಸರಿ ಅಂತಲೇ ಇದ್ದೆ.

ಹೋದ ವರ್ಷ ಕಾರ್ತಿಕ ಕಳೆದ ಮೇಲೆ ಒಂದು ಗುರುವಾರ, ಸಂಜೆ ನಾಲ್ಕರ ಹೊತ್ತಿಗೆ, ಒಬ್ಬ ಹೆಂಗಸು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. ಕೈಯಲ್ಲಿ ಹಳೆಯ ಮದುವೆ ಡಿವಿಡಿ. ಹೆಸರು ನಯನ. ತವರು ಬಂಡೂರು, ಕೊಟ್ಟಿರುವುದು ಕೆರಗೋಡಿಗೆ. ಎರಡು ಸಾವಿರದ ಒಂಬತ್ತರ ವೈಶಾಖದಲ್ಲಿ ಮದ್ದೂರಿನ ಛತ್ರದಲ್ಲಿ ಅವಳ ಮದುವೆ ತೆಗೆದವರು ನಾವೇ. ಪುಟ್ಟಮಾದಣ್ಣ ಮುಖ ನೋಡಿದ ಕೂಡಲೇ, "ಸ್ವರೂಪನ ತಂಗಿ ಅಲ್ವೇನವ್ವ?" ಅಂದರು. ಅವಳು ಅಲ್ಲೇ ಕುಸಿದು ಕೂತು ಅಳಲು ಶುರು ಮಾಡಿದಳು.

ಸ್ವರೂಪ ಅವಳ ಅಣ್ಣ. ನಯನಳ ಮದುವೆಯಾಗಿ ಎರಡು ವರ್ಷಕ್ಕೆ ಬೈಕ್ ಸಮೇತ ನಾಲೆಗೆ ಬಿದ್ದು ಸತ್ತ. ಈಗ ಅವರವ್ವ ದೇವಿರಮ್ಮನಿಗೆ ಎಂಬತ್ತರ ಹತ್ತಿರ. ಲಕ್ವ ಹೊಡೆದಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿತ್ತು. ಅನ್ನ ನೀರು ಬಿಟ್ಟು ಐದು ದಿನವಾಗಿತ್ತು, ಜೀವ ಹೋಗುತ್ತಿರಲಿಲ್ಲ.

ಹಾಗೆ ಜೀವ ತೂಗಾಡುತ್ತಿದ್ದರೆ ನಮ್ಮ ಕಡೆ ಏನೋ ಆಸೆ ಉಳಿದಿದೆ ಅನ್ನುತ್ತಾರೆ. ಅದನ್ನು ತೀರಿಸದೆ ಕಳಿಸಬಾರದು ಅಂತ ಇಡೀ ಬೀದಿಯೇ ನಿಲ್ಲುತ್ತದೆ. ತವರಿನ ಮಣ್ಣು ತಂದು ಅಂಗೈಗೆ ಹಾಕಿದರಂತೆ. ಎಳನೀರು ಬಿಟ್ಟರು, ಕಾಫಿ ಬಿಟ್ಟರು, ಉಪ್ಸಾರಿನ ತಿಳಿಯನ್ನು ಹತ್ತಿಯಲ್ಲಿ ಅದ್ದಿ ತುಟಿಗೆ ಸವರಿದರು. ಅವಳು ಸಾಕಿದ ಕುರಿಯನ್ನೇ ಹಾಸಿಗೆಯ ಪಕ್ಕ ತಂದು ಉಣ್ಣೆಯ ಮೇಲೆ ಕೈಯಿಡಿಸಿದರು. ದೇವಿರಮ್ಮ ಕೇಳುತ್ತಿದ್ದದ್ದು ಒಂದೇ, "ಸ್ವರೂಪ ಬಂದ್ನಾ?"

"ನಮ್ ಚಿಕ್ಕಪ್ಪನ್ ಮಗ ಜಯಪ್ರಕಾಶ ಅವ್ನೆ" ಅಂದಳು ನಯನ. "ಅಣ್ಣನ್ ಥರಾನೆ ಅವ್ನ ಗಂಟ್ಲು. ನೆನ್ನೆ ಅವನ್ನೇ ಕೂರ್ಸಿ ಕಿವೀಲಿ ಅವ್ವಾ ಅನ್ಸುದ್ವಿ. ಅವ್ವ ಮೊಖ ತಿರುಗುಸ್ಬುಟ್ಲು. 'ನೀನಲ್ಲ ಕಣ್ಲಾ' ಅಂದ್ಲು. ಅಣ್ಣನ್ ದನೀನೇ ಬೇಕು ಅಣ್ಣಾ. ಆಗಿನ್ ಕಾಲ್ದಲ್ಲಿ ನಮ್ತಾವ ಎಂತಾ ಫೋನಿದ್ದೋ. ಅವ್ನ ಒಂದ್ ಮಾತೂ ಎಲ್ಲೂ ಇಲ್ಲ. ಇದ್ರೆ ಈ ಮದ್ವೇಲೇ ಇರ್ಬೇಕು. ನಮ್ಮನೇಲಿ ಇದ್ನ ಆಕೋ ಮೆಸೀನೇ ಇಲ್ಲ. ಒಂದ್ ಅವ್ವಾ ಅಂದಿದ್ರೆ ಸಾಕು, ಮೊಬೈಲ್ಗೆ ಆಕ್ಕೊಡಿ."

ಡಿವಿಡಿ ಬೇಕಾಗಿರಲಿಲ್ಲ, ಅದರ ಪ್ರತಿ ಅಟ್ಟದಲ್ಲಿತ್ತು. ಎರಡು ನಿಮಿಷದಲ್ಲಿ ತೆಗೆದು ಹಾಕಿದೆ. ಸ್ವರೂಪ ಎಲ್ಲೆಲ್ಲೂ ಇದ್ದ. ಸಾಂಬಾರಿನ ಬಕೆಟ್ ಹಿಡಿದು ಓಡುತ್ತಿದ್ದ, ಯಾರಿಗೋ ಕೈಮುಗಿದು ಬನ್ನಿ ಬನ್ನಿ ಅನ್ನುತ್ತಿದ್ದ, ತಂಗಿಯ ಜಡೆ ಎಳೆದು ಏನೋ ಹೇಳಿ ನಗಿಸುತ್ತಿದ್ದ. ಬಾಯಿ ಆಡುತ್ತಿತ್ತು. ಹಾಡು ಕೇಳುತ್ತಿತ್ತು. ನಯನ ಸ್ಕ್ರೀನಿಗೆ ಮುಖ ತಾಗಿಸಿ, "ಆಡ್ ನಿಲ್ಸಕ್ಕ, ಆಡ್ ನಿಲ್ಸಕ್ಕ" ಅನ್ನುತ್ತಿದ್ದಳು. ಹಾಡು ನಿಲ್ಲಿಸಿದರೆ ಅದರ ಕೆಳಗೆ ಏನೂ ಇರಲಿಲ್ಲ. ಆ ಮಾತುಗಳನ್ನು ತೆಗೆದು ಹಾಡು ಕೂರಿಸಿದವಳು ನಾನು, ಅವಳಿಗೆ ಅದು ಗೊತ್ತಿರಲಿಲ್ಲ.

"ಕಚ್ಚಾ ಅದೆ ಕಣವ್ವ, ಅದ್ರಲ್ಲಿ ಅವನ್ ಮಾತದೆ, ನಂಗ್ ಗೊತ್ತು" ಅಂದರು ಪುಟ್ಟಮಾದಣ್ಣ. "ನಾಗು, ತಗಿ."

ನಾನು ಅವರ ಮುಖ ನೋಡಿದೆ. ಹಗೇವು ಅವರಿಗೆ ಆಮೇಲೆ ನೆನಪಾಯಿತು.

ವಿಡಿಯೋ ಬೇಕು ಅಂತ ಬಟನ್ ಒತ್ತಿದೆ. ನಾಲ್ಕೂವರೆ. ಹನ್ನೆರಡು ಗಂಟೆ ಕಾಯಿರಿ ಅಂತ ಪರದೆಯ ಮೇಲೆ ಬಂತು. ಕಾದರೂ ಅದು ಬರೀ ಬಾಯಿ ತೆಗೆಯುವುದಕ್ಕೆ. ಆಮೇಲೆ ಹನ್ನೊಂದು ಮದುವೆಯ ಇಡೀ ಗಂಟು ಇಳಿಯಬೇಕು, ಪೂರ್ತಿ ಇಳಿಯುವವರೆಗೆ ಬಿಚ್ಚಲು ಬರುವುದಿಲ್ಲ. ನಮ್ಮ ಸ್ಟುಡಿಯೋದ ಲೈನಿನಲ್ಲಿ ಅದಕ್ಕೇ ಒಂದೂವರೆ ದಿನ ಬೇಕು, ಕರೆಂಟು ಹೋಗದಿದ್ದರೆ. ಪ್ರೀತಂಗೆ ಫೋನ್ ಮಾಡಿದೆ. ಅವನ ಆಫೀಸಿನ ಲೈನು ಜೋರಿದೆ, ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆದು ಇಳಿಸಲು ಹಾಕುತ್ತೇನೆ, ಬನ್ನಿ ಅಂದ. ದುಡ್ಡು ಜಾಸ್ತಿ ಕೊಟ್ಟರೆ ಬೇಗ ಬರುತ್ತಾ ಅಂತ ಕೇಳಿದೆ. "ಆ ಜಾಗದಲ್ಲಿ ಬರಲ್ಲಕ್ಕಾ. ಅದಕ್ಕೇ ಅಷ್ಟು ಅಗ್ಗ" ಅಂದ.

ನಯನಳಿಗೆ ಹೇಗೆ ಹೇಳುವುದು? ಪುಟ್ಟಮಾದಣ್ಣನೇ ಹೇಳಿದರು. ನಾಳೆ ಮಧ್ಯಾಹ್ನ ಅಂದರು.

"ನಾಳೆ ಮದ್ಯಾನ್ವಾ?" ಅಂದಳು ಅವಳು. "ನಿಮ್ತಾವ್ ಅದೆ ಅಂದ್ರಲ್ಲಣ್ಣ?"

"ಅದೆ ಕಣವ್ವ. ದೂರ ಮಡಗಿವ್ನಿ."

ಮಡಗಿವ್ನಿ ಅಂದರು. ಇವಳು ಮಡಗಿದಳು ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಯನ ಕಣ್ಣೊರೆಸಿಕೊಂಡು, "ಅವ್ವಂಗೆ ನಾಳೆ ಗಂಟ ಇರು ಅಂತೀನಿ" ಅಂದು ಇಳಿದು ಹೋದಳು.

ಮಾರನೆಯ ದಿನ ಮೊದಲ ಬಸ್ಸು ಹಿಡಿದೆವು. ಕಬ್ಬಿನ ಕಾಲ. ದಾರಿಯಲ್ಲಿ ದೊಡ್ಡಿ ಎಂಬ ಊರು ದಾಟುವಷ್ಟರಲ್ಲಿ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಡ್ರೈವರು ಹಾರನ್ ಹೊಡೆಯುತ್ತ ಆಮೆಯ ಹಾಗೆ ಹೋಗುತ್ತಿದ್ದ. ಆ ಬಸ್ಸಿನಲ್ಲಿ ಪುಟ್ಟಮಾದಣ್ಣ ನನಗೆ ಒಂದು ವಿಷಯ ಹೇಳಿದರು. ಮದುವೆಮನೆಗಳಲ್ಲಿ ಫೋಟೋದವರು ಉಣ್ಣುವುದು ಕೊನೆಯ ಪಂಕ್ತಿಯಲ್ಲಿ. ಅದರಲ್ಲೂ ಕೆಲವು ಮನೆಗಳಲ್ಲಿ ಇವರ ಎಲೆಯನ್ನು ಯಾಕೆ ಬೇರೆ ಮೂಲೆಗೆ ಹಾಕುತ್ತಿದ್ದರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಮದುವೆಯಲ್ಲಿ ಸ್ವರೂಪ ಬಂದು, "ಕ್ಯಾಮ್ರಾ ಮಡಗಣ್ಣ, ಬಾ, ಬೆಳಗಿಂದ ನಿಂತಿದ್ದೀಯೆ" ಅಂತ ಕೈ ಹಿಡಿದು ಎಳೆದುಕೊಂಡು ಹೋಗಿ ಬೀಗರ ಪಂಕ್ತಿಯಲ್ಲಿ ಕೂರಿಸಿ ತಾನೇ ಬಡಿಸಿದನಂತೆ. ಯಾರೋ ಹಿರಿಯರು ಮುಖ ಸಿಂಡರಿಸಿದರಂತೆ. ಅವನು ಆ ಹಿರಿಯರ ಎಲೆಗೆ ಇನ್ನೊಂದು ಲಾಡು ಹಾಕಿ, "ಉಣ್ಣಣ್ಣೋ, ಸುಮ್ಕೆ" ಅಂದನಂತೆ.

"ಅವತ್ತೇ ಗ್ಯಾನ ಮಾಡ್ಕಂಡಿದ್ದೆ ಕಣ್ ನಾಗು, ಈ ಉಡುಗನ ಮದ್ವೇಗೆ ನಾನೇ ಬತ್ತೀನಿ, ಕಾಸಿಲ್ದೆ ತಗುದ್ಕೊಡ್ತೀನಿ ಅಂತ" ಅಂದರು. ಆಮೇಲೆ ಮಂಡ್ಯ ಬರುವವರೆಗೆ ಕಿಟಕಿಯ ಆಚೆ ನೋಡುತ್ತ ಕೂತರು.

ನಾವು ಪ್ರೀತಂನ ಆಫೀಸು ಸೇರಿದಾಗ ಒಂಬತ್ತಾಗಿತ್ತು. ಗಂಟು ಮೂರನೇ ಒಂದು ಭಾಗ ಇಳಿದಿತ್ತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ, ಅದು ಬೆಳೆಯುವುದನ್ನು ನೋಡುತ್ತ ಮೂವರೂ ಕೂತೆವು. ಪ್ರೀತಂ ತರಿಸಿದ ಇಡ್ಲಿ ಆರಿ ಹೋಯಿತು. ಅರ್ಧ ಗಂಟೆಗೊಮ್ಮೆ ನಯನ ಫೋನ್ ಮಾಡುತ್ತಿದ್ದಳು. ಒಂಬತ್ತೂವರೆಗೆ, "ಬಂತಾ ಅಣ್ಣ?" ಹತ್ತಕ್ಕೆ, "ಉಸ್ರು ಮೇಲ್ಕ್ ಮೇಲ್ಕ್ ಬತ್ತಾ ಅದೆ, ಬಂತಾ?" ಹತ್ತೂವರೆಗೆ ಏನೂ ಹೇಳಲಿಲ್ಲ, ಪಕ್ಕದಲ್ಲಿ ಯಾರೋ ಗಟ್ಟಿಯಾಗಿ ದೇವರ ಹೆಸರು ಹೇಳುವುದು ಕೇಳಿಸಿತು. ಹನ್ನೊಂದಕ್ಕೆ, "ಅಣ್ಣ, ಅವ್ವಂಗೆ ಏಳಿವ್ನಿ. ಸ್ವರೂಪ ಮಂಡ್ಯದಲ್ ಅವ್ನಂತೆ, ಒಂಟವ್ನಂತೆ ಅಂತ. ತಲೆ ಆಡುಸುದ್ಲು" ಅಂದಳು.

ಪುಟ್ಟಮಾದಣ್ಣ ಎದ್ದು ಆಚೆ ಹೋಗಿ ಬಂದರು. ಅವರ ಕಣ್ಣು ಕೆಂಪಾಗಿತ್ತು.

ಹನ್ನೊಂದೂವರೆಗೆ ಫೋನ್ ಬರಲಿಲ್ಲ. ಹನ್ನೆರಡಕ್ಕೂ ಬರಲಿಲ್ಲ. ನಾವೂ ಮಾಡಲಿಲ್ಲ. ಮಾಡೋಣ ಅಂತ ನಾನು ಎರಡು ಸಲ ಬಾಯಿ ತೆಗೆದೆ, ಪುಟ್ಟಮಾದಣ್ಣ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹನ್ನೆರಡೂಕಾಲಿಗೆ ಗಂಟು ಪೂರ್ತಿ ಇಳಿಯಿತು. ಬಿಚ್ಚಲು ಇನ್ನೂ ಇಪ್ಪತ್ತು ನಿಮಿಷ. ಒಳಗೆ ಹನ್ನೊಂದು ಮದುವೆ, ಒಂದೊಂದಕ್ಕೂ ಐದಾರು ಟೇಪು, ಟೇಪಿಗೆ ನಂಬರಿದೆ, ಹೆಸರಿಲ್ಲ. ಹೆಸರು ಬರೆಯುವುದು ದಂಡದ ಕೆಲಸ ಅಂತ ನಾನೇ ಬಿಟ್ಟಿದ್ದೆ. ಒಂದೊಂದೇ ತೆಗೆದು ಚಪ್ಪರದ ಬಣ್ಣ ನೋಡಿ ಮುಚ್ಚಿದೆ. ಕೊನೆಗೆ ಪ್ರೀತಂ ಮೌಸು ತೆಗೆದುಕೊಂಡ.

"ಇದು" ಅಂದರು ಪುಟ್ಟಮಾದಣ್ಣ. "ಇದೇ ಚತ್ರ. ಮುಂದಕ್ ಓಡ್ಸಪ್ಪ. ದಾರೆಗೆ ಮುಂಚೆ."

ನಾನು ಆ ವಿಡಿಯೋವನ್ನು ಹದಿನೈದು ವರ್ಷದ ಹಿಂದೆ ಕತ್ತರಿಸಿದವಳು. ಹಾಡಿಲ್ಲದೆ ನೋಡಿದ್ದು ನೆನಪಿರಲಿಲ್ಲ. ಪಾತ್ರೆಯ ಸದ್ದು, ಮಕ್ಕಳ ಕೂಗು, ಓಲಗದವರು ಶ್ರುತಿ ಹಿಡಿಯುವುದು. ಕ್ಯಾಮೆರಾ ಊಟದ ಮನೆಯ ಬಾಗಿಲಿನಲ್ಲಿತ್ತು. ಒಳಗೆ ಸ್ವರೂಪ ಬಡಿಸುತ್ತಿದ್ದ. ಮಂಟಪದ ಕಡೆಯಿಂದ ಹೆಂಗಸೊಬ್ಬಳ ಗಟ್ಟಿ ಕೂಗು ಬಂತು. ಅವನು ಬಕೆಟ್ ಕೆಳಗಿಡದೆ ಈ ಕಡೆ ತಿರುಗಿ ಉತ್ತರ ಕೊಟ್ಟ. ಎಂಟು ಸೆಕೆಂಡು, ಅಷ್ಟೇ. ಪ್ರೀತಂ ಅಲ್ಲಿಗೇ ನಿಲ್ಲಿಸಿದ.

ಒಂದು ಗಂಟೆಗೆ ಐದು ನಿಮಿಷವಿತ್ತು. ಪುಟ್ಟಮಾದಣ್ಣ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಮೊದಲನೆಯ ರಿಂಗಿಗೇ ನಯನ ತೆಗೆದಳು.

"ಸಿಕ್ತಾ ಅಣ್ಣ?"

"ಸಿಕ್ತು ಕಣವ್ವ, ಸಿಕ್ತು. ಈಗ್ಲೇ ಆಕ್ತೀನಿ, ಅವ್ವನ ಕಿವಿತಾಕ್ ಓಗು."

ಆ ಕಡೆ ದೂರದಲ್ಲಿ ಹೆಂಗಸರು ಹಾಡಿಕೊಂಡು ಅಳುವುದು ಕೇಳಿಸಿತು.

"ಅವ್ವ ಓದ್ಲು ಕಣಣ್ಣ" ಅಂದಳು ನಯನ. "ಅನ್ನೊಂದೂವರೆಲೇ ಓದ್ಲು. ಬಾಗ್ಲ ಕಡೀಕೇ ಮೊಖ ಮಾಡ್ಕಂಡಿದ್ಲು."

ಪುಟ್ಟಮಾದಣ್ಣ ನಿಂತಲ್ಲೇ ಗೋಡೆಗೆ ಒರಗಿದರು. ನಾನು ಫೋನಿಗೆ ಬಗ್ಗಿ, "ನಯನಾ, ತಪ್ಪು ನಂದಮ್ಮ, ಅವ್ರದಲ್ಲ, ನಾನೇ ಅದನ್ನ ದೂರ ಹಾಕ್ಸಿದ್ದು" ಅಂದೆ. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

"ಇನ್ನೂ ನೀರಾಕಿಲ್ಲ" ಅಂದಳು. "ಮೈ ಬೆಚ್ಚುಗದೆ. ಕಿವೀಗ್ ಇಡ್ದಿವ್ನಿ. ಆಕಣ್ಣ."

ಪುಟ್ಟಮಾದಣ್ಣ ಮೌಸನ್ನು ನನ್ನ ಕಡೆ ತಳ್ಳಿದರು. ನಾನೇ ಒತ್ತಿದೆ.

"ಲೋ ಸ್ವರೂಪಾ! ಎಲ್ಲೋದ್ಯೋ? ಬಾರ್ಲಾ, ದಾರೆಗೆ ಒತ್ತಾಯ್ತು!" ದೇವಿರಮ್ಮನ ದನಿ.

"ಇರವ್ವಾ, ಬಂದೇ!"

ಆ ಕಡೆ ಅಳು ನಿಂತುಹೋಯಿತು.

"ಇನ್ನೊಂದ್ ಸಲ ಆಕಕ್ಕ" ಅಂದಳು ನಯನ.

ಹಾಕಿದೆ. ಆಮೇಲೆ ಇನ್ನೊಂದು ಸಲ. ಪ್ರೀತಂ ಎದ್ದು ಹೊರಗೆ ಹೋದ. ಪುಟ್ಟಮಾದಣ್ಣ ನೆಲದ ಮೇಲೆ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಿದ್ದರು. ಎಷ್ಟು ಸಲ ಹಾಕಿದೆನೋ ಲೆಕ್ಕ ತಪ್ಪಿತು. ತಾಯಿ ಕೂಗುವುದು, ಮಗ ಬಂದೆ ಅನ್ನುವುದು. ಕೊನೆಗೆ ಆ ಕಡೆಯಿಂದ ಯಾರೋ ವಯಸ್ಸಾದ ಗಂಡಸು ಮೆಲ್ಲಗೆ ಅಂದರು:

"ಸಾಕು ಬುಡವ್ವ ನಯನ. ಮಣ್ಣಿಗೆ ಒತ್ತಾಯ್ತು."